ದೀನಬಂಧು ಆಂಡ್ರೂಸರ ಧರ್ಮಯಾತ್ರೆ

ಧರ್ಮಬೋಧನೆಗಾಗಿ ಕಡಲು ದಾಟಿ ಬಂದ ಮಹನೀಯರು ಕನ್ನಡಿಗರಿಗೆ ಹೊಸಬರಲ್ಲ. ಮಂಗಳೂರು, ಧಾರವಾಡಗಳ ಬಾಸೆಲ್ ಮಿಷನ್ನಿನವರನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಮತಪ್ರಚಾರಕ್ಕೆಂದು ಬಂದ ಕಿಟೆಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿನಿಂದ ಕನ್ನಡದ ಋಷಿಗಳ ಸಾಲಿಗೆ ಸೇರಿಹೋದರು. ಬಂದ ಉದ್ದೇಶ ಒಂದು, ದೈವವು ಅವರಿಂದ ಮಾಡಿಸಿಕೊಂಡ ಕಾರ್ಯ ಇನ್ನೊಂದು. ಚಾರ್ಲ್ಸ್ ಫ್ರಿಯರ್ ಆಂಡ್ರೂಸರ ಚರಿತ್ರೆ ಇದಕ್ಕಿಂತಲೂ ವಿಲಕ್ಷಣವಾದುದು. ಅವರು ತಮ್ಮ ಧರ್ಮವನ್ನು ಭಾರತಕ್ಕೆ ಕೊಡಲು ಬಂದರು. ಆ ಧರ್ಮದ ಜೀವಾಳವನ್ನು ಭಾರತೀಯರ ಸ್ನೇಹದಲ್ಲಿಯೇ ಕಂಡುಕೊಂಡರು. ಮತಾಂತರವನ್ನು ಅವರು ಹೊಂದಲಿಲ್ಲ, ಕಡೆಯ ಉಸಿರಿನವರೆಗೂ ಕ್ರಿಸ್ತಭಕ್ತರಾಗಿಯೇ ಉಳಿದರು. ಆದರೆ ಅವರು ಆರಾಧಿಸಿದ ಕ್ರಿಸ್ತನ ಮುಖವನ್ನು ಅವರಿಗೆ ತೋರಿಸಿಕೊಟ್ಟವರು ಒಬ್ಬ ಬಂಗಾಳಿ ಅಧ್ಯಾಪಕ, ಒಬ್ಬ ವೃದ್ಧ ಮುಸಲ್ಮಾನ ಪಂಡಿತ, ಒಬ್ಬ ಗುಜರಾತಿ ಬ್ಯಾರಿಸ್ಟರು ಮತ್ತು ಹೆಸರೇ ತಿಳಿಯದ ಒಬ್ಬ ತಮಿಳು ಕೂಲಿಯಾಳು.

ಆಂಡ್ರೂಸರು ಜನಿಸಿದ್ದು 1871ರ ಫೆಬ್ರವರಿ 12ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ. ತಂದೆ ಜಾನ್ ಎಡ್ವಿನ್ ಆಂಡ್ರೂಸರು ಒಂದು ಸಣ್ಣ ಕ್ರೈಸ್ತ ಪಂಥದ ಧರ್ಮಗುರುಗಳು. ಕೆಲವು ವರ್ಷಗಳ ಬಳಿಕ ಸಂಸಾರವು ಬರ್ಮಿಂಗ್‌ಹ್ಯಾಮ್ ನಗರಕ್ಕೆ ಬಂದು ನೆಲಸಿತು. ಮಕ್ಕಳೊಂದಿಗ ಕುಟುಂಬ, ಸಂಪತ್ತು ಅಷ್ಟಕ್ಕಷ್ಟೆ. ಬಾಲ್ಯದಲ್ಲಿ ತೀವ್ರವಾದ ಕೀಲುವಾತದ ಜ್ವರದಿಂದ ಸಾವಿನ ಬಾಗಿಲನ್ನು ತಟ್ಟಿ ಬಂದ ಈ ಮಗನನ್ನು ತಾಯಿ ಹಗಲಿರುಳು ಶುಶ್ರೂಷೆ ಮಾಡಿ ಉಳಿಸಿಕೊಂಡರು. ಆ ದಿನಗಳಿಂದ ತಾಯಿಮಗನ ನಡುವೆ ಬೆಳೆದ ಮಮತೆಯು ಆಂಡ್ರೂಸರ ಜೀವನದುದ್ದಕ್ಕೂ ಅಂತಃಸ್ರೋತವಾಗಿ ಹರಿಯಿತು.

ಅವರ ಮನಸ್ಸಿನಲ್ಲಿ ಅಚ್ಚೊತ್ತಿದ ಮನೆಯ ಪ್ರಸಂಗವೊಂದಿದೆ. ತಾಯಿಯ ಪಾಲಿಗೆ ಬಂದಿದ್ದ ಹಣವನ್ನು ತಂದೆಯ ಸ್ನೇಹಿತನೊಬ್ಬನ ವಶದಲ್ಲಿ ಇರಿಸಲಾಗಿತ್ತು. ಆತನು ವಿಶ್ವಾಸಘಾತ ಮಾಡಿ ಅದನ್ನೆಲ್ಲ ಕಳೆದುಬಿಟ್ಟನು. ಸುದ್ದಿ ತಿಳಿದ ದಿನ ಸಂಜೆ ಎಂದಿನಂತೆ ಕುಟುಂಬದ ಪ್ರಾರ್ಥನೆ ನಡೆಯಿತು. ವಂಚಕನನ್ನು ತಂದೆಯು ಶಪಿಸುವರೆಂದು ಮಕ್ಕಳು ಎಣಿಸಿರಬಹುದು. ತಂದೆಯಾದರೋ ಆ ಸ್ನೇಹಿತನಿಗೆ ದೇವರು ಒಳ್ಳೆಯ ಬುದ್ಧಿಯನ್ನು ಕೊಡಲೆಂದು ಬೇಡಿಕೊಂಡರು. ಸಂಸಾರವು ಬಡತನಕ್ಕೆ ಇಳಿಯಿತು. ಆದರೆ ಆ ಸಂಜೆಯ ಪ್ರಾರ್ಥನೆ ಮಗನಿಗೆ ಯಾವ ಆಸ್ತಿಯೂ ಕೊಡಲಾರದ ಪಿತ್ರಾರ್ಜಿತವಾಯಿತು.

1890ರಲ್ಲಿ ಆಂಡ್ರೂಸರು ಕೇಂಬ್ರಿಜ್ ವಿಶ್ವವಿದ್ಯಾಲಯದ ಪೆಂಬ್ರೋಕ್ ಕಾಲೇಜನ್ನು ಸೇರಿದರು. ಗ್ರೀಕ್, ಲ್ಯಾಟಿನ್ ಮತ್ತು ದೇವತಾಶಾಸ್ತ್ರಗಳಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. ತಂದೆಯ ಪಂಥದ ಸಂಕುಚಿತ ನಂಬಿಕೆಗಳು ಈಗ ಅವರಿಗೆ ಒಗ್ಗದಾದುವು. ತಂದೆಗೆ ನೋವಾಗುವುದೆಂದು ತಿಳಿದೂ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚನ್ನು ಸೇರಿ, ಅಲ್ಲಿಯೇ ದೀಕ್ಷೆ ಪಡೆದು ಪಾದ್ರಿಗಳಾದರು. ಲಂಡನ್ನಿನ ದಕ್ಷಿಣ ಭಾಗದ ವಾಲ್ವರ್ತ್ ಎಂಬ ಕೊಳಚೆ ಕೇರಿಯಲ್ಲಿ ಕೂಲಿಕಾರರ ನಡುವೆ ಕೆಲವು ವರ್ಷ ಸೇವೆ ಸಲ್ಲಿಸಿ, ದೇಹಾರೋಗ್ಯ ಕೆಟ್ಟು, ಮತ್ತೆ ಕೇಂಬ್ರಿಜ್ಜಿಗೆ ಅಧ್ಯಾಪಕರಾಗಿ ಮರಳಿದರು. ಅವರ ಮುಂದೆ ಸುಗಮವಾದ ಹಾದಿ ತೆರೆದಿತ್ತು. ಗ್ರಂಥಾಲಯ, ಹುಲ್ಲುಹಾಸು, ಗೌರವಯುತವಾದ ಪದವಿ, ಕಾಲಕ್ರಮದಲ್ಲಿ ಬಿಷಪ್ ಸ್ಥಾನ. ವಿದ್ವತ್ತುಳ್ಳ ಪಾದ್ರಿಯೊಬ್ಬನು ಬಯಸಬಹುದಾದುದೆಲ್ಲ ಕೈಗೆಟುಕುವಂತಿತ್ತು.

ಆ ಹಾದಿಯಿಂದ ಅವರನ್ನು ತಿರುಗಿಸಿದ್ದು ಮಿತ್ರನೊಬ್ಬನ ಮರಣ. ಡರಹ್ಯಾಮಿನ ಸುಪ್ರಸಿದ್ಧ ಬಿಷಪ್ ವೆಸ್ಟ್‌ಕಾಟರ ಮಗ ಬಾಸಿಲ್ ವೆಸ್ಟ್‌ಕಾಟ್ ಆಂಡ್ರೂಸರಿಗೆ ಪರಮಾಪ್ತರು. ಕೇಂಬ್ರಿಜ್ಜಿನವರು ದೆಹಲಿಯಲ್ಲಿ ನಡೆಸುತ್ತಿದ್ದ ಮಿಷನ್ನಿಗೆ ಅವರು ಹೋದರು, 1900ರಲ್ಲಿ ಅಲ್ಲಿಯೇ ಕಾಲರಾ ತಗುಲಿ ತೀರಿಕೊಂಡರು. ಗೆಳೆಯನು ಬಿಟ್ಟುಹೋದ ಜಾಗ ತನಗಾಗಿ ಖಾಲಿ ಉಳಿದಿದೆ ಎಂಬ ಭಾವನೆ ಆಂಡ್ರೂಸರಲ್ಲಿ ಬಲಿಯಿತು. ನಾಲ್ಕು ವರ್ಷಗಳ ಅನಂತರ, 1904ರ ಮಾರ್ಚ್ ತಿಂಗಳಲ್ಲಿ, ಅವರು ಭಾರತದ ನೆಲದ ಮೇಲೆ ಕಾಲಿಟ್ಟರು. ಆಗ ಅವರಿಗೆ ಮೂವತ್ತಮೂರು ವರ್ಷ. ಮುಂದೆ ಆ ದಿನವನ್ನೇ ತಮ್ಮ ಎರಡನೆಯ ಜನ್ಮದಿನವೆಂದು ಅವರು ಭಾವಿಸುತ್ತಿದ್ದರು. ದ್ವಿಜ ಎಂಬ ಸಂಸ್ಕೃತ ಶಬ್ದದ ಅರ್ಥ ತಿಳಿದ ಮೇಲೆ ತಮಗೂ ಅದು ಸಲ್ಲುವುದೆಂದು ಸಂತೋಷಪಟ್ಟರು.

ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜು ಆಗ ಕಾಶ್ಮೀರಿ ಗೇಟಿನ ಬಳಿಯಿತ್ತು. ಆಂಡ್ರೂಸರಿಗೆ ಅಲ್ಲಿ ಬೋಧನೆಯ ಕೆಲಸ. ಅಂದಿನ ಮಿಷನರಿಗಳಲ್ಲಿ ಅನೇಕರು ಬಂಗಲೆಗಳಲ್ಲಿ ವಾಸಿಸಿ, ಗಾಡಿಯಲ್ಲಿ ಬಂದು, ಉಪದೇಶ ಮಾಡಿ, ಗಾಡಿಯಲ್ಲಿಯೇ ಹಿಂದಿರುಗುತ್ತಿದ್ದರು. ದೇವರ ಮುಂದೆ ಎಲ್ಲರೂ ಸಮಾನರೆಂದು ಬೋಧಿಸಿದ ಬಾಯಿಯೇ ಕ್ಲಬ್ಬಿನ ಮೇಜಿನ ಸುತ್ತ ಕುಳಿತಾಗ ಕರಿಯರ ಕುರಿತು ತಾತ್ಸಾರದ ಮಾತುಗಳನ್ನು ಆಡುತ್ತಿತ್ತು. ಆಂಡ್ರೂಸರು ಆ ವಾತಾವರಣದಲ್ಲಿ ಮುಳುಗದಂತೆ ಅವರನ್ನು ಉಳಿಸಿದವರು ಕಾಲೇಜಿನ ಉಪಪ್ರಾಂಶುಪಾಲ ಸುಶೀಲ್ ಕುಮಾರ್ ರುದ್ರರು.

ರುದ್ರರು ಬಂಗಾಳದವರು, ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು, ಮಿತಭಾಷಿಗಳು. ಪತ್ನಿಯನ್ನು ಕಳೆದುಕೊಂಡು ಮಕ್ಕಳನ್ನು ತಾವೇ ಸಾಕುತ್ತಿದ್ದರು. ಆಂಡ್ರೂಸರು ಬಂದ ಹೊಸತರಲ್ಲಿಯೇ ಈ ಮನೆಯ ಬಾಗಿಲು ಅವರಿಗಾಗಿ ತೆರೆಯಿತು. ಮಕ್ಕಳು ಅವರ ಮಡಿಲೇರಿದರು. ಭಾರತದ ಕುರಿತು ಪುಸ್ತಕಗಳು ಹೇಳದೆ ಬಿಟ್ಟುದನ್ನು ರುದ್ರರು ಸಂಜೆಯ ಮಾತುಕತೆಯಲ್ಲಿ ತಿಳಿಸಿಕೊಟ್ಟರು. ಇಂಗ್ಲಿಷರ ಯಾವ ಮಾತು, ಯಾವ ನಡವಳಿಕೆ ಭಾರತೀಯನ ಮನಸ್ಸನ್ನು ಹೇಗೆ ಇರಿಯುವುದೆಂಬುದನ್ನು ಕಹಿಯಿಲ್ಲದೆ, ಮರೆಮಾಚದೆ ವಿವರಿಸಿದರು. ಗುರುಸ್ಥಾನದಲ್ಲಿ ನಿಲ್ಲಲು ಬಂದ ಇಂಗ್ಲಿಷಿನವರು ಆ ಮನೆಯಲ್ಲಿ ಶಿಷ್ಯರಾಗಿ ಕುಳಿತರು. ಭಾರತದಲ್ಲಿ ತಮಗೆ ದೊರೆತುದೆಲ್ಲದರ ಮೂಲ ಸುಶೀಲರ ಸ್ನೇಹವೇ ಎಂಬುದನ್ನು ಆಂಡ್ರೂಸರು ಕೊನೆಯವರೆಗೂ ಮರೆಯಲಿಲ್ಲ.

ಈ ಸ್ನೇಹದ ಪರೀಕ್ಷೆ ಬೇಗನೆ ಬಂದಿತು. 1906ರಲ್ಲಿ ಕಾಲೇಜಿನ ಪ್ರಾಂಶುಪಾಲರ ಸ್ಥಾನ ತೆರವಾಯಿತು. ಅನುಭವದಲ್ಲಿಯೂ ಯೋಗ್ಯತೆಯಲ್ಲಿಯೂ ರುದ್ರರೇ ಮೊದಲಿಗರು. ಆದರೆ ಆಂಗ್ಲರು ಬೋಧಿಸುವ ಕಾಲೇಜಿಗೆ ಭಾರತೀಯನೊಬ್ಬನು ಮುಖ್ಯಸ್ಥನಾಗುವುದನ್ನು ಅಂದಿನವರು ಊಹಿಸಲಾರರು. ಬಿಷಪರು ಹಿಂಜರಿದರು. ಆಂಡ್ರೂಸರ ಹೆಸರು ಮುಂದೆ ಬಂದಿತು. ಆಂಡ್ರೂಸರು ಒಪ್ಪಲಿಲ್ಲ, ಬಣ್ಣದ ಕಾರಣದಿಂದ ರುದ್ರರನ್ನು ಕಡೆಗಣಿಸುವುದಾದರೆ ತಾವು ಮಿಷನ್ನಿನಲ್ಲಿ ಇರಲಾರೆವೆಂದು ಖಂಡಿತವಾಗಿ ತಿಳಿಸಿದರು. ಕಡೆಗೆ ರುದ್ರರೇ ನೇಮಕಗೊಂಡರು. ಆ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾಗಿ 1923ರವರೆಗೆ ಅವರು ಅದನ್ನು ನಡೆಸಿದರು. ಆಂಡ್ರೂಸರು ಅವರ ಕೈಕೆಳಗೆ ಸಂತೋಷದಿಂದ ದುಡಿದರು. 1915ರಲ್ಲಿ ಗಾಂಧೀಜಿಯವರು ದೆಹಲಿಗೆ ಬಂದಾಗ ಇಳಿದುಕೊಂಡುದು ಈ ರುದ್ರರ ಮನೆಯಲ್ಲಿಯೇ. ಮುಂದೆ ಅಸಹಕಾರ ಚಳವಳಿಯ ಮುನ್ನ ವೈಸರಾಯರಿಗೆ ಬರೆದ ಬಹಿರಂಗ ಪತ್ರದ ಕರಡು ಸಿದ್ಧವಾದುದೂ ಅದೇ ಸೂರಿನಡಿಯಲ್ಲಿ. ಆ ಮನೆಯ ಆತಿಥ್ಯ ಅಂಥದು.

ದೆಹಲಿಯ ಗಲ್ಲಿಯೊಂದರಲ್ಲಿ ಆಂಡ್ರೂಸರಿಗೆ ಇನ್ನೊಬ್ಬ ಗುರು ದೊರೆತರು. ಮುನ್ಷಿ ಜಕಾವುಲ್ಲಾ ಆಗಲೇ ಎಪ್ಪತ್ತು ದಾಟಿದ ವೃದ್ಧರು. 1832ರಲ್ಲಿ ಹುಟ್ಟಿ, ಮೊಗಲರ ಕಡೆಯ ಬಾದಶಹನ ದೆಹಲಿಯನ್ನು ಕಣ್ಣಾರೆ ಕಂಡವರು. ಹಳೆಯ ದೆಹಲಿ ಕಾಲೇಜಿನಲ್ಲಿ ಓದಿ, ಗಣಿತದಲ್ಲಿ ಪಾಂಡಿತ್ಯ ಗಳಿಸಿ, ಪಾಶ್ಚಾತ್ಯ ವಿದ್ಯೆಗಳನ್ನು ಉರ್ದು ಭಾಷೆಗೆ ತರುವುದರಲ್ಲಿಯೇ ಆಯುಷ್ಯವನ್ನು ಸವೆಸಿದವರು. ಅವರಿಗೆ ಗಣಿತ ಕಲಿಸಿದ ರಾಮಚಂದ್ರರು ಹಿಂದೂ ಮನೆತನದಲ್ಲಿ ಹುಟ್ಟಿ ಕ್ರೈಸ್ತರಾದವರು. ಗುರು ಕ್ರೈಸ್ತರು, ಶಿಷ್ಯ ಮುಸಲ್ಮಾನ, ವಿದ್ಯೆ ಇಬ್ಬರದು. ಅಂದಿನ ದೆಹಲಿ ಇಂಥ ಸಂಬಂಧಗಳನ್ನು ಬಲ್ಲ ಊರಾಗಿತ್ತು. 1857ರ ದಂಗೆಯ ಬಳಿಕ ಆಂಗ್ಲ ಸೈನ್ಯವು ನಗರವನ್ನು ಮರಳಿ ಗೆದ್ದಾಗ ಜನರನ್ನು ಮನೆಗಳಿಂದ ಹೊರಗಟ್ಟಿತು. ಆ ಘೋರ ದಿನಗಳನ್ನು ಜಕಾವುಲ್ಲಾ ಅನುಭವಿಸಿದ್ದರು. ಆದರೂ ಆ ಗೆದ್ದವರ ಜನಾಂಗಕ್ಕೇ ಸೇರಿದ ಪಾದ್ರಿಯೊಬ್ಬನನ್ನು ಸಂಜೆ ಸಂಜೆ ಬರಮಾಡಿಕೊಂಡು, ಪಕ್ಕದಲ್ಲಿ ಕುಳ್ಳಿರಿಸಿ, ಮಗನಿಗೆ ಹೇಳುವಂತೆ ಹಳೆಯ ದೆಹಲಿಯ ಕಥೆಗಳನ್ನು ಹೇಳಿದರು.

ಈ ವೃದ್ಧರಲ್ಲಿ ಆಂಡ್ರೂಸರು ಕಂಡದ್ದು ಅಪೂರ್ವವಾದ ದೈವಭಕ್ತಿ. ಕೋಪವಿಲ್ಲದ ಮಾತು, ಪರಮತವನ್ನು ಹಳಿಯದ ನಾಲಗೆ, ಹಿಂದೂ ನೆರೆಯವರ ಕಷ್ಟಸುಖಗಳಲ್ಲಿ ಬೆರೆತ ಬಾಳು. ಮತಚರ್ಚೆಗೆ ಅವರು ಎಳೆದರೂ ಬರುತ್ತಿರಲಿಲ್ಲ. ಅವರ ಕಡೆಯ ಕಾಯಿಲೆಯಲ್ಲಿಯೂ ಆಂಡ್ರೂಸರು ಹೋಗಿ ಹಾಸಿಗೆಯ ಬಳಿ ಕುಳಿತು ಬರುತ್ತಿದ್ದರು. 1910ರಲ್ಲಿ ಜಕಾವುಲ್ಲಾ ತೀರಿಕೊಂಡರು. ಸುಮಾರು ಇಪ್ಪತ್ತು ವರ್ಷಗಳ ಬಳಿಕ ಆಂಡ್ರೂಸರು ಅವರ ಜೀವನಚರಿತ್ರೆಯನ್ನು ಬರೆದು ಗುರುಋಣವನ್ನು ತೀರಿಸಿದರು. ಕ್ರೈಸ್ತ ಮಿಷನರಿಯಾಗಿ ಬಂದವರು ಮುಸಲ್ಮಾನ ಸತ್ಪುರುಷರ ಚರಿತ್ರೆಯನ್ನು ಬರೆದದ್ದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿಯೇ ಆಂಡ್ರೂಸರ ಅಂತರಂಗದಲ್ಲಿ ಸಂಕಟವೊಂದು ಮೊಳೆಯಿತು. ಅವರ ಚರ್ಚಿನ ಪ್ರಾರ್ಥನಾ ಗ್ರಂಥದಲ್ಲಿ ಪುರಾತನವಾದ ಒಂದು ವಿಶ್ವಾಸಪ್ರಮಾಣವಿದೆ. ಅದರಲ್ಲಿ ಹೇಳಿದ ಸಿದ್ಧಾಂತವನ್ನು ಯಥಾವತ್ತಾಗಿ ನಂಬದವರು ಶಾಶ್ವತವಾಗಿ ನಾಶವಾಗುವರೆಂಬ ಶಾಪವಾಕ್ಯಗಳೂ ಇವೆ. ವರ್ಷದ ಕೆಲವು ಪರ್ವದಿನಗಳಲ್ಲಿ ಪಾದ್ರಿಯಾದವನು ಅದನ್ನು ಸಭೆಯ ಮುಂದೆ ಪಠಿಸಬೇಕು. ಕೇಂಬ್ರಿಜ್ಜಿನಲ್ಲಿ ಅದು ಗ್ರಂಥದ ಮಾತಾಗಿತ್ತು. ದೆಹಲಿಯಲ್ಲಿ ಅದಕ್ಕೆ ಮುಖಗಳು ಬಂದುವು. ಜಕಾವುಲ್ಲಾರಂಥವರು ನರಕಭಾಜನರೆಂದು ದೇವರ ಸನ್ನಿಧಿಯಲ್ಲಿ ನಿಂತು ಘೋಷಿಸುವುದೆಂತು? ವೇದಾಂತಿಗಳಿಗೆ ಇದು ಕೇವಲ ತರ್ಕದ ಪ್ರಶ್ನೆಯಾಗಿ ತೋರಬಹುದು. ಆಂಡ್ರೂಸರಿಗಾದರೋ ಅದು ಹೊತ್ತಿನ ಅನ್ನದ, ಬಾಳಿನ ನೆಲೆಯ ಪ್ರಶ್ನೆ. ಆ ವಾಕ್ಯಗಳನ್ನು ಬಿಡಬೇಕಾದರೆ ಪಾದ್ರಿಯ ವೃತ್ತಿಯನ್ನೇ ಬಿಡಬೇಕು. ಹುಟ್ಟಿದ ಸಮಾಜದ ಮುಂದೆ ಪತಿತರೆನಿಸಬೇಕು. ವೃದ್ಧ ತಂದೆಯ ಮನಸ್ಸನ್ನು ಇನ್ನೊಮ್ಮೆ ನೋಯಿಸಬೇಕು.

ಈ ತೊಳಲಾಟದ ನಡುವೆಯೇ 1912ರ ಬೇಸಗೆಯಲ್ಲಿ ಅವರು ಇಂಗ್ಲೆಂಡಿಗೆ ಹೋಗಿದ್ದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಭಾಗದಲ್ಲಿ ಚಿತ್ರಕಾರ ರೊಥೆನ್‌ಸ್ಟೈನರ ಮನೆಯಲ್ಲಿ ಒಂದು ಸಂಜೆ ಸಾಹಿತಿಗಳ ಕೂಟ ಸೇರಿತ್ತು. ರವೀಂದ್ರನಾಥ ಠಾಕೂರರು ತಮ್ಮ ಗೀತಾಂಜಲಿಯ ಇಂಗ್ಲಿಷ್ ಹಸ್ತಪ್ರತಿಯೊಂದಿಗೆ ಬಂದಿದ್ದರು. ಐರಿಷ್ ಕವಿ ಯೇಟ್ಸರು ಅದನ್ನು ಓದಿದರು. ಕೂಟ ಮುಗಿದ ಮೇಲೆ ಆಂಡ್ರೂಸರು ಯಾರೊಡನೆಯೂ ಹೆಚ್ಚು ಮಾತನಾಡದೆ ಆ ಪ್ರದೇಶದ ಬಯಲಿನಲ್ಲಿ ರಾತ್ರಿ ಬಹಳ ಹೊತ್ತು ಒಬ್ಬರೇ ಅಡ್ಡಾಡಿದರು. ತಾನು ಯಾವ ದೇವರನ್ನು ಕಲಿಸಲು ಕಡಲು ದಾಟಿದ್ದೆನೋ ಆ ದೇವರೊಡನೆ ಈ ಭಾರತೀಯ ಕವಿ ಎಷ್ಟೋ ಕಾಲದಿಂದ ಸಂಭಾಷಿಸುತ್ತ ಬಂದಿದ್ದಾನೆಂಬ ಅರಿವು ಅವರನ್ನು ಆವರಿಸಿತ್ತು. ಅಂದಿನಿಂದ ರವೀಂದ್ರರು ಅವರ ಗುರುದೇವರಾದರು.

ಮರುವರ್ಷದ ಕೊನೆಯಲ್ಲಿ ದಕ್ಷಿಣ ಆಫ್ರಿಕದಿಂದ ಕಳವಳದ ವಾರ್ತೆಗಳು ಬರತೊಡಗಿದುವು. ಅಲ್ಲಿಯ ಭಾರತೀಯರ ಮೇಲೆ ಹೇರಿದ್ದ ತಲೆಗಂದಾಯ ಮೊದಲಾದ ಅನ್ಯಾಯಗಳ ವಿರುದ್ಧ ಗಾಂಧೀಜಿಯವರ ನೇತೃತ್ವದಲ್ಲಿ ಸತ್ಯಾಗ್ರಹ ನಡೆದಿತ್ತು. ಗಣಿಗಳ, ಕಬ್ಬಿನ ತೋಟಗಳ ಕೂಲಿಗಳು ಸಾವಿರಗಟ್ಟಲೆ ಕೆಲಸ ಬಿಟ್ಟು ಹೊರಬಂದಿದ್ದರು. ಗೋಖಲೆಯವರು ಭಾರತದಲ್ಲಿ ನಿಧಿ ಕೂಡಿಸುತ್ತ ಲಾಹೋರಿಗೆ ಬಂದಾಗ ಆಂಡ್ರೂಸರು ತಮ್ಮಲ್ಲಿದ್ದ ಉಳಿತಾಯವನ್ನೆಲ್ಲ ಅವರ ಕೈಗೆ ಒಪ್ಪಿಸಿದರು. ಅನಂತರ ಗೋಖಲೆಯವರ ಕೋರಿಕೆಯಂತೆ ತಾವೇ ಹೊರಟರು. ಜೊತೆಗೆ ಹೊರಟವರು ಅವರ ಮಿತ್ರ ವಿಲಿಯಂ ಪಿಯರ್ಸನ್.

1914ರ ಹೊಸ ವರ್ಷದ ಪ್ರಾರಂಭದಲ್ಲಿ ಹಡಗು ಡರ್ಬನ್ ಬಂದರನ್ನು ಸೇರಿತು. ಎದುರುಗೊಳ್ಳಲು ಕೆಲವರು ಬಂದಿದ್ದರು. ಗಾಂಧಿಯವರು ಎಲ್ಲಿ ಎಂದು ಆಂಡ್ರೂಸರು ವಿಚಾರಿಸಿದರು. ಅವರ ಪಕ್ಕದಲ್ಲಿಯೇ ತಲೆ ಬೋಳಿಸಿಕೊಂಡು, ಕೂಲಿಗಳು ಉಡುವ ಒರಟು ಬಟ್ಟೆಯನ್ನು ಉಟ್ಟು ನಿಂತಿದ್ದ ಕೃಶ ವ್ಯಕ್ತಿಯನ್ನು ತೋರಿಸಿದರು. ಸತ್ಯಾಗ್ರಹದಲ್ಲಿ ಮಡಿದ ಕೂಲಿಗಳಿಗಾಗಿ ಗಾಂಧೀಜಿಯವರು ಧರಿಸಿದ್ದ ಶೋಕದ ವೇಷ ಅದು. ಸೆರೆಮನೆಯಿಂದ ಬಿಡುಗಡೆಯಾಗಿ ಎರಡು ವಾರಗಳಷ್ಟೇ ಆಗಿದ್ದುವು. ಆಂಡ್ರೂಸರು ಒಂದು ಮಾತನ್ನೂ ಆಡದೆ ಬಾಗಿ ಆ ಪಾದಗಳನ್ನು ಮುಟ್ಟಿ ನಮಸ್ಕರಿಸಿದರು.

ಬಂದರಿನಲ್ಲಿದ್ದ ಬಿಳಿಯರು ದಂಗಾದರು. ಇಂಗ್ಲಿಷಿನವನೊಬ್ಬ, ಅದರಲ್ಲಿಯೂ ಪಾದ್ರಿ, ಏಷ್ಯದವನ ಕಾಲು ಮುಟ್ಟುವುದೇ! ಪತ್ರಿಕೆಗಳು ಕೆಂಡ ಕಾರಿದುವು. ಹೀಗೆ ಮಾಡಿದರೆ ಈ ದೇಶದಲ್ಲಿ ಬಿಳಿಯರು ತಲೆಯೆತ್ತಿ ಬಾಳಲಾರರೆಂದು ಹಿತವಾದ ಹೇಳಲು ಬಂದವರೂ ಇದ್ದರು. ನಮ್ಮ ಮನೆಗಳಲ್ಲಿ ಹಬ್ಬದ ದಿನ ಮಕ್ಕಳು ಹಿರಿಯರಿಗೆ ಮಾಡುವಷ್ಟು ಸಹಜವಾದ ನಮಸ್ಕಾರ ಅಲ್ಲಿ ಒಂದು ಸಾಮ್ರಾಜ್ಯದ ಮರ್ಯಾದೆಯನ್ನೇ ಅಲುಗಿಸಿತು.

ಆ ಮರ್ಯಾದೆಯ ಬೆಲೆ ಎಷ್ಟೆಂಬುದು ಕೆಲವೇ ದಿನಗಳಲ್ಲಿ ಆಂಡ್ರೂಸರಿಗೆ ತಿಳಿಯಿತು. ಡರ್ಬನ್ನಿನ ಒಂದು ಚರ್ಚಿನಲ್ಲಿ ಅವರ ಪ್ರವಚನ ಏರ್ಪಟ್ಟಿತ್ತು. ಅದನ್ನು ಕೇಳಲು ಗಾಂಧೀಜಿಯವರು ಹೋದರು. ಮೈಬಣ್ಣದ ಕಾರಣದಿಂದ ಅವರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಪೀಠದ ಮೇಲೆ ನಿಂತು ಕ್ರಿಸ್ತಪ್ರೇಮವನ್ನು ಕುರಿತು ಮಾತನಾಡುತ್ತಿದ್ದ ಆಂಡ್ರೂಸರಿಗೆ ಈ ವಿಷಯ ಆಮೇಲೆ ತಿಳಿಯಿತು. ಅವರು ಅನುಭವಿಸಿದ ನಾಚಿಕೆಗೆ ಪಾರವಿರಲಿಲ್ಲ. ಕ್ರಿಸ್ತನೇ ಅಂದು ಬಾಗಿಲಿನ ಹೊರಗೆ ನಿಂತಿದ್ದನೆಂದು ಅವರಿಗೆ ಅನಿಸಿತು. ಹರಿಜನರಿಗೆ ದೇವಾಲಯದ ಬಾಗಿಲು ಮುಚ್ಚಿದ್ದ ನಮ್ಮ ದೇಶದವರು ಈ ಪ್ರಸಂಗವನ್ನು ಓದುವಾಗ ಪರರ ದೋಷವೆಂದು ತೃಪ್ತಿಪಡುವ ಹಾಗಿಲ್ಲ.

ಡರ್ಬನ್ನಿಗೆ ಸಮೀಪದ ಫೀನಿಕ್ಸ್ ಆಶ್ರಮದಲ್ಲಿ ಆಂಡ್ರೂಸರು ಕಂಡದ್ದು ಬೇರೆಯೇ ಲೋಕ. ಹಿಂದೂ, ಮುಸಲ್ಮಾನ, ಕ್ರೈಸ್ತರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಸಂಜೆ ಒಟ್ಟಿಗೆ ಪ್ರಾರ್ಥಿಸುತ್ತಿದ್ದರು. ಮಕ್ಕಳು ಗಾಂಧೀಜಿಯವರ ತೊಡೆಯೇರಿ ಕುಳಿತಿರುತ್ತಿದ್ದರು. ಅಲ್ಲಿಗೆ ಕಬ್ಬಿನ ತೋಟದಿಂದ ತಪ್ಪಿಸಿಕೊಂಡು ಬಂದ ಒಬ್ಬ ತಮಿಳು ಕೂಲಿಯಾಳು ಆಶ್ರಯ ಬೇಡಿದನು. ಅವನ ಬೆನ್ನು ಏಟುಗಳಿಂದ ಸುಲಿದುಹೋಗಿತ್ತು. ಆಂಡ್ರೂಸರು ಮರುಕದಿಂದ ಹತ್ತಿರ ಹೋದರು. ಬಿಳಿಯ ಮುಖವನ್ನು ಕಂಡೊಡನೆ ಆತನು ಹೊಡೆತ ಬೀಳುವುದೆಂದು ಹೆದರಿ ಮುದುಡಿಕೊಂಡನು.

ಆ ಕ್ಷಣವನ್ನು ಆಂಡ್ರೂಸರು ಬಾಳಿನಲ್ಲಿ ಮರೆಯಲಿಲ್ಲ. ಅವರ ಕೈ ಎಂದೂ ಯಾರನ್ನೂ ಹೊಡೆದುದಲ್ಲ. ಆದರೆ ಆ ದೀನನ ಕಣ್ಣಿಗೆ ಅವರ ಮುಖವೂ ಹೊಡೆಯುವವರ ಮುಖವೇ ಆಗಿತ್ತು.

ಆಫ್ರಿಕದಲ್ಲಿ ಇದ್ದಾಗಲೇ ತಾಯಿ ತೀರಿಕೊಂಡ ಸುದ್ದಿ ಬಂದಿತು. ಬಾಲ್ಯದಲ್ಲಿ ಸಾವಿನ ದವಡೆಯಿಂದ ಎಳೆದು ತಂದ ತಾಯಿಯ ಕಡೆಯ ದರ್ಶನ ಮಗನಿಗೆ ದೊರೆಯಲಿಲ್ಲ. ಪರದೇಶದಲ್ಲಿ ಅವರ ಕಣ್ಣೀರನ್ನು ಒರೆಸಿದವರು ಭಾರತೀಯ ಸ್ತ್ರೀಯರು. ಭಾಷೆ ಬಾರದ ಆ ಮಾತೆಯರ ಕರುಣೆಯಲ್ಲಿ ಅವರು ತಾಯಿಯನ್ನೇ ಕಂಡರು. ತಾಯಿಯ ಮೇಲಿನ ಪ್ರೇಮ ಇನ್ನು ಮುಂದೆ ಭಾರತದ ಮೇಲೆ ಹರಿಯುವುದೆಂದು ರವೀಂದ್ರರಿಗೆ ತಿಳಿಸಿದರು. ಇತ್ತ ಗಾಂಧೀಜಿಯವರಿಗೂ ಜನರಲ್ ಸ್ಮಟ್ಸರಿಗೂ ನಡುವೆ ಮಾತುಕತೆ ನಡೆದಿತ್ತು. ಇಬ್ಬರಿಗೂ ಬೇಕಾದ ಮಧ್ಯಸ್ಥರಾಗಿ ಆಂಡ್ರೂಸರು ಪ್ರಿಟೋರಿಯದಲ್ಲಿ ದುಡಿದರು. ಜನವರಿ ತಿಂಗಳಲ್ಲಿಯೇ ತಾತ್ಕಾಲಿಕ ಒಪ್ಪಂದವಾಯಿತು. ಆ ವೇಳೆಗೆ ಗಾಂಧೀಜಿ ಅವರಿಗೆ ಮೋಹನ್ ಆಗಿದ್ದರು, ಅವರು ಗಾಂಧೀಜಿಗೆ ಚಾರ್ಲಿ ಆಗಿದ್ದರು. ಮಹಾತ್ಮರನ್ನು ಹೆಸರು ಹಿಡಿದು ಕರೆಯುವ ಸಲಿಗೆ ಕಡೆಯವರೆಗೂ ಉಳಿದದ್ದು ಬೆರಳೆಣಿಕೆಯ ಜನರಿಗೆ ಮಾತ್ರ.

ಅದೇ 1914ರಲ್ಲಿ ಆಂಡ್ರೂಸರು ಕೇಂಬ್ರಿಜ್ ಮಿಷನ್ನನ್ನು ಬಿಟ್ಟರು. ಪರ್ವದಿನದಂದು ಆ ಶಾಪವಾಕ್ಯಗಳನ್ನು ಉಚ್ಚರಿಸುವುದು ತಮ್ಮಿಂದ ಸಾಧ್ಯವಿಲ್ಲವೆಂಬುದು ಖಚಿತವಾದ ಮೇಲೆ ಪಾದ್ರಿಯ ಕರ್ತವ್ಯಗಳನ್ನೂ ತೊರೆದು ಶಾಂತಿನಿಕೇತನಕ್ಕೆ ಬಂದರು. ಅವರು ಕ್ರೈಸ್ತಮತವನ್ನೇ ತ್ಯಜಿಸಿದರೆಂಬ ಗುಲ್ಲು ಹಬ್ಬಿತು. ಹಳೆಯ ಗೆಳೆಯರು ಕೆಲವರು ದೂರವಾದರು. ಸಂಬಳವಿಲ್ಲ, ಸ್ಥಾನವಿಲ್ಲ, ಕೊರಳಿನಲ್ಲಿ ಪಾದ್ರಿಯ ಪಟ್ಟಿಯೂ ಇಲ್ಲ. ಧೋತರ ಉಟ್ಟು, ಬರಿಗಾಲಿನಲ್ಲಿ ಸಾಲವೃಕ್ಷಗಳ ನೆರಳಿನಲ್ಲಿ ಹುಡುಗರಿಗೆ ಪಾಠ ಹೇಳುತ್ತ ಅವರು ಕಾಲ ಕಳೆದರು. ಬೈಬಲನ್ನು ಓದುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ.

ಅಲ್ಲಿ ಅವರಿಗೆ ನೆಮ್ಮದಿ ದೊರೆಯಿತು. ಆದರೆ ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. 1915ರಲ್ಲಿ ಅವರಿಗೆ ಕಾಲರಾ ತಗುಲಿತು. ಮಿತ್ರ ಬಾಸಿಲರನ್ನು ಒಯ್ದ ಅದೇ ರೋಗ. ಬದುಕುಳಿದುದೇ ಆಶ್ಚರ್ಯ. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಒಮ್ಮೆ ಆರಾಮಕುರ್ಚಿಯಲ್ಲಿ ಒರಗಿದ್ದಾಗ ಫೀನಿಕ್ಸಿನ ಆ ಕೂಲಿಯಾಳಿನ ಮುಖವು ಕಣ್ಣ ಮುಂದೆ ಸ್ಪಷ್ಟವಾಗಿ ಮೂಡಿತು. ಅದೇ ಭಯ, ಅದೇ ದೈನ್ಯ. ನೋಡುತ್ತಿದ್ದಂತೆ ಆ ಮುಖವು ಬದಲಾಯಿತು. ಅದು ಕ್ರಿಸ್ತನ ಮುಖವಾಗಿತ್ತು. ಭಕ್ತರಿಗೆ ಇದು ದರ್ಶನ, ವೈದ್ಯರಿಗೆ ಜ್ವರದ ಶೇಷ. ಆಂಡ್ರೂಸರ ಮಟ್ಟಿಗೆ ಅದು ಆಜ್ಞೆಯಾಗಿತ್ತು. ಮೈಯಲ್ಲಿ ಬಲ ಕೂಡಿದ ಕೂಡಲೇ ಪಿಯರ್ಸನರೊಡನೆ ಫಿಜಿ ದ್ವೀಪಗಳಿಗೆ ಹೊರಟರು.

ಪೆಸಿಫಿಕ್ ಸಾಗರದ ಆ ದ್ವೀಪಗಳ ಕಬ್ಬಿನ ತೋಟಗಳಿಗೆ 1879ರಿಂದ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಒಯ್ಯುತ್ತಿದ್ದರು. ಒಟ್ಟು ಹೋದವರ ಸಂಖ್ಯೆ ಸುಮಾರು 60,000. ಮೊದಲು ಕಲ್ಕತ್ತೆಯಿಂದ, 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಡುತ್ತಿದ್ದುವು. ಅಗ್ರಿಮೆಂಟ್ ಎಂಬ ಇಂಗ್ಲಿಷ್ ಮಾತು ಆ ನಿರಕ್ಷರಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. ಅದೇ ಆ ಬಾಳಿನ ಹೆಸರಾಯಿತು. ಐದು ವರ್ಷ ತೋಟದ ಒಡೆಯನ ಕೈಕೆಳಗೆ ದುಡಿಯಬೇಕು. ಊರಿಗೆ ಪುಕ್ಕಟೆಯಾಗಿ ಮರಳಬೇಕಾದರೆ ಇನ್ನೂ ಐದು ವರ್ಷ ಅಲ್ಲಿಯೇ ಕಳೆಯಬೇಕು. ನೂರು ಗಂಡಸರಿಗೆ ನಲವತ್ತು ಹೆಂಗಸರಂತೆ ಸೇರಿಸಿ ಕಳಿಸುವುದು ಕಾನೂನಿನ ನಿಯಮ. ಇದರಿಂದ ಸಂಸಾರ, ಶೀಲ, ಕುಲಧರ್ಮಗಳು ಏನಾದುವೆಂಬುದನ್ನು ಹೇಳಬೇಕಾದುದಿಲ್ಲ. ಕೂಲಿಗಳ ಸಾಲುಮನೆಗಳಲ್ಲಿ ಕೊಲೆ, ಆತ್ಮಹತ್ಯೆಗಳು ಸಾಮಾನ್ಯವಾಗಿದ್ದುವು. ಹಬ್ಬಹುಣ್ಣಿಮೆಗಳು ಮಾಸಿಹೋಗಿದ್ದುವು. ಆಂಡ್ರೂಸರು ಆ ಸಾಲುಮನೆಗಳನ್ನು ಹೊಕ್ಕು, ನೆಲದ ಮೇಲೆ ಕುಳಿತು, ಒಬ್ಬೊಬ್ಬರ ಕಥೆಯನ್ನೂ ಕೇಳಿದರು. ಈ ಸಲ ಅವರನ್ನು ಕಂಡು ಯಾರೂ ಮುದುಡಿಕೊಳ್ಳಲಿಲ್ಲ.

1916ರ ಪ್ರಾರಂಭದಲ್ಲಿ ಅವರೂ ಪಿಯರ್ಸನರೂ ಸೇರಿ ಬರೆದ ವರದಿ ಪ್ರಕಟವಾಯಿತು. ಕರಾರು ಕೂಲಿಪದ್ಧತಿಯನ್ನು ರದ್ದುಪಡಿಸಬೇಕೆಂದು ಪಂಡಿತ ಮಾಳವೀಯರು ಅದೇ ಮಾರ್ಚಿನಲ್ಲಿ ವೈಸರಾಯರ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು. ಲಾರ್ಡ್ ಹಾರ್ಡಿಂಜರು ತಾತ್ವಿಕವಾಗಿ ಸಮ್ಮತಿಸಿದರು. ಸಮ್ಮತಿಗೂ ಕಾರ್ಯಕ್ಕೂ ನಡುವೆ ಸರಕಾರದ ಕಡತಗಳಿರುವುವಷ್ಟೆ. ಆಂಡ್ರೂಸರು 1917ರಲ್ಲಿ ಇನ್ನೊಮ್ಮೆ ಫಿಜಿಗೆ ಹೋದರು. ಪತ್ರಗಳನ್ನೂ ಲೇಖನಗಳನ್ನೂ ಬರೆದು ಬರೆದು ಅಧಿಕಾರಿಗಳನ್ನು ಕಾಡಿದರು. ಕೂಲಿಗಳ ನೇಮಕ ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೆಲ್ಲ ರದ್ದಾದುವು. ದೀನಬಂಧು ಎಂಬ ಹೆಸರು ಆಂಡ್ರೂಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಬಿರುದುಗಳು ಅಗ್ಗವಾಗಿರುವ ಈ ದೇಶದಲ್ಲಿ ಇಷ್ಟು ಯಥಾರ್ಥವಾದ ಬಿರುದು ವಿರಳ.

ಅನಂತರದ ಇಪ್ಪತ್ತು ವರ್ಷಗಳು ನಿರಂತರ ಸಂಚಾರದಲ್ಲಿ ಕಳೆದುವು. 1919ರಲ್ಲಿ ಪಂಜಾಬಿನ ದುರಂತದ ವಾರ್ತೆ ಕೇಳಿ ಧಾವಿಸಿದಾಗ ಅಮೃತಸರದಲ್ಲಿ ಸರಕಾರವು ಅವರನ್ನು ತಡೆದು ಹಿಂದಕ್ಕೆ ಕಳಿಸಿತು. ಕೆಲವು ತಿಂಗಳ ಬಳಿಕ ಪ್ರವೇಶ ದೊರೆತಾಗ ಹಳ್ಳಿಹಳ್ಳಿಗೂ ಹೋದರು. ಸೇನಾ ಕಾನೂನಿನ ದಿನಗಳಲ್ಲಿ ಚಾವಟಿಯ ಏಟು ತಿಂದಿದ್ದ ಸಿಖ್ ಗ್ರಾಮಮುಖ್ಯನೊಬ್ಬನ ಪಾದಗಳನ್ನು ಹಿಡಿದು ತಮ್ಮ ಜನಾಂಗದ ಪರವಾಗಿ ಕ್ಷಮೆ ಬೇಡಿದರು. ಅವಮಾನದಿಂದ ಕಲ್ಲಾಗಿದ್ದ ಆ ವೃದ್ಧನು ಕಣ್ಣೀರು ಸುರಿಸಿದನು. 1921ರಲ್ಲಿ ಅಸ್ಸಾಮಿನ ಚಹಾತೋಟಗಳನ್ನು ತೊರೆದು ಚಾಂದಪುರದಲ್ಲಿ ಕಾಲರಾದಿಂದ ಸಾಯುತ್ತಿದ್ದ ಕೂಲಿಗಳ ನಡುವೆ ನಿಂತು ಸೇವೆ ಮಾಡಿದರು. ಎರಡು ಸಲ ಅಖಿಲ ಭಾರತ ಕಾರ್ಮಿಕ ಸಂಘಗಳ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

1924ರಲ್ಲಿ ಹಿಂದೂ ಮುಸ್ಲಿಮ್ ಕಲಹಗಳಿಂದ ಬೇಸತ್ತು ಗಾಂಧೀಜಿಯವರು ದೆಹಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡಾಗ ಹಾಸಿಗೆಯ ಬಳಿ ಕುಳಿತು ಆರೈಕೆ ಮಾಡಿದವರಲ್ಲಿ ಆಂಡ್ರೂಸರೂ ಒಬ್ಬರು. ಉಪವಾಸ ಮುಗಿದ ದಿನ ಕುರಾನಿನ ಪಠನವಾಯಿತು, ವಿನೋಬಾ ಅವರು ಉಪನಿಷತ್ತನ್ನು ಹೇಳಿದರು, ಆಂಡ್ರೂಸರು ಕ್ರಿಸ್ತನ ಶಿಲುಬೆಯನ್ನು ಕುರಿತ ಕೀರ್ತನೆಯೊಂದನ್ನು ಹಾಡಿದರು. ಹದಿನಾಲ್ಕು ವರ್ಷಗಳ ಹಿಂದೆ ಅದೇ ಊರಿನಲ್ಲಿ ಜಕಾವುಲ್ಲಾರ ಹಾಸಿಗೆಯ ಬಳಿಯೂ ಅವರು ಹೀಗೆಯೇ ಕುಳಿತಿದ್ದರು. ಮರುವರ್ಷ ರುದ್ರರು ತೀರಿಕೊಂಡರು.

ಅವರ ನಿತ್ಯಜೀವನದ ರೀತಿಯನ್ನು ನೆನೆದರೆ ನಗುವೂ ಬರುವುದು, ಕಣ್ಣೂ ತೇವವಾಗುವುದು. ಕೊಟ್ಟ ಕೋಟನ್ನು ದಾರಿಯಲ್ಲಿ ಸಿಕ್ಕ ಬಡವನಿಗೆ ಕೊಟ್ಟುಬಿಡುವರು. ಕೈಯಲ್ಲಿದ್ದ ಹಣ ಹಾಗೆಯೇ ಕರಗುವುದು. ಸಾಮಾನುಗಳನ್ನು ರೈಲಿನಲ್ಲಿ ಮರೆತು ಇಳಿಯುವರು. ಅವರನ್ನು ಮೋಸಗೊಳಿಸುವುದು ಬಹಳ ಸುಲಭವಾಗಿತ್ತು, ಮೋಸಗೊಳಿಸಿದವರೂ ಇದ್ದರು. ಅಂಥವರನ್ನು ಕುರಿತು ಅವರು ಕಟುವಾಗಿ ನುಡಿದುದಿಲ್ಲ. ಬರ್ಮಿಂಗ್‌ಹ್ಯಾಮಿನ ಮನೆಯ ಸಂಜೆಯ ಪ್ರಾರ್ಥನೆ ಅವರೊಡನೆ ಲೋಕವನ್ನೆಲ್ಲ ಸುತ್ತಿತು. 1932ರಲ್ಲಿ ಅವರು ತಮ್ಮ ಆತ್ಮಕಥನವನ್ನು ಪ್ರಕಟಿಸಿದರು. ಕ್ರಿಸ್ತನಿಗೆ ತಾವು ಋಣಿಯಾದ ಬಗೆಯನ್ನು ಹೇಳಹೊರಟ ಆ ಪುಸ್ತಕದಲ್ಲಿ ಹೆಜ್ಜೆಹೆಜ್ಜೆಗೂ ಬರುವುದು ತಂದೆತಾಯಿ, ಬಾಸಿಲ್, ಸುಶೀಲ್, ಗಾಂಧೀಜಿ, ಫೀನಿಕ್ಸಿನ ಕೂಲಿ. ಜೀವನದ ಕೊನೆಯ ವರ್ಷಗಳಲ್ಲಿ ಅವರು ಪಾದ್ರಿಯ ಕರ್ತವ್ಯಗಳನ್ನು ಮತ್ತೆ ಕೈಗೊಂಡರು. ಎರಡು ದಶಕಗಳ ಹಿಂದೆ ಬಿಟ್ಟುಬಂದ ವೇದಿಕೆಯ ಮುಂದೆ ಪುನಃ ನಿಂತಾಗ ಅವರ ಹಿಂದೆ ಎಂಥ ಸಭೆ ನೆರೆದಿತ್ತೆಂಬುದು ಅವರಿಗೊಬ್ಬರಿಗೇ ಕಂಡಿರಬೇಕು.

1940ರ ಪ್ರಾರಂಭದಲ್ಲಿ ಅವರ ಆರೋಗ್ಯ ಪೂರ್ಣವಾಗಿ ಕುಸಿಯಿತು. ಕಲ್ಕತ್ತೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಗಾಂಧೀಜಿಯವರು ಬಂದು ನೋಡಿಹೋದರು. ಏಪ್ರಿಲ್ 5ರಂದು, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ದೀನಬಂಧು ಆಂಡ್ರೂಸರು ದೇಹವನ್ನು ಬಿಟ್ಟರು. ಅವರ ಜನ್ಮಶತಾಬ್ದಿಯ ವರ್ಷವಾದ 1971ರಲ್ಲಿ ಭಾರತ ಸರಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ದಕ್ಷಿಣ ದೆಹಲಿಯ ಆಂಡ್ರೂಸ್ ಗಂಜ್ ಬಡಾವಣೆಗೆ ಇರುವುದು ಅವರದೇ ಹೆಸರು. ಬಸ್ಸಿನ ಫಲಕದ ಮೇಲೆ ಅದನ್ನು ದಿನವೂ ಓದುವ ರಾಜಧಾನಿಯ ಕನ್ನಡಿಗರಲ್ಲಿ ಎಲ್ಲರಿಗೂ ಇದು ತಿಳಿದಿರಲಾರದು.

ಅವರ ಸಮಾಧಿ ಇರುವುದು ಕಲ್ಕತ್ತೆಯ ಲೋಯರ್ ಸರ್ಕ್ಯುಲರ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ. ಅಂತ್ಯವಿಧಿಗಳನ್ನು ನೆರವೇರಿಸಿದವರು ಆಗ ಭಾರತದ ಆಂಗ್ಲಿಕನ್ ಚರ್ಚಿಗೆ ಶ್ರೇಷ್ಠ ಗುರುಗಳಾಗಿದ್ದ ಬಿಷಪ್ ಫಾಸ್ ವೆಸ್ಟ್‌ಕಾಟ್. ನಲವತ್ತು ವರ್ಷಗಳ ಹಿಂದೆ ದೆಹಲಿಯಲ್ಲಿ ಕಾಲರಾದಿಂದ ಮಡಿದ ಬಾಸಿಲರ ಅಣ್ಣ ಅವರು.